ಅಕ್ಕಿಯ ಮೇಲಿನ ಹೆಸರು

೪ ಫೆಬ್ರುವರಿ, ಮಂಗಳವಾರ. ಬೆಳಿಗ್ಗೆ ೬

‘ದೂರವೆಂಬುದು ಕಣ್ಣಿಗಷ್ಟೇ…’ ಮುಂದೇನು? ‘ಕಾಲಿಗಲ್ಲ’ ಎಂದೋ, ‘ಕರುಳಿಗಲ್ಲ’ ಎಂದೋ. ಎಂ.ಎ. ಓದುವಾಗ ಈ ಪದ್ಯ ಪೂರಾ ಬಾಯಿಗೆ ಬರುತ್ತಿತ್ತು. ಕರುಳಿಗಲ್ಲ ಎಂದಿದ್ದರೆ ಸುಳ್ಳು. ಬರೆದವರಿಗೆ ಜರ್ಮನಿಯಲ್ಲಿ ತಂಗಿ ಇರಲಿಲ್ಲ.

ಅತ್ತೆಗೆ ಚಹಾ ಕೊಟ್ಟೆ. ಹಿಂದಿನ ಓಣಿಯ ಮಗ್ಗಗಳು ಆಗಲೇ ಶುರು.

ನಿನ್ನೆ ಕಾವೇರಿಯ ವಿಡಿಯೊ ಕಾಲ್. ಹದಿನಾಲ್ಕು ವರ್ಷ ನರ್ಸ್ ಆಗಿದ್ದ ಆಸ್ಪತ್ರೆಯಲ್ಲೇ ಈಗ ಮಲಗಿದ್ದಾಳೆ. ಕ್ಯಾನ್ಸರ್ ಲಿವರ್‌ಗೂ ಹಬ್ಬಿದೆ. ಮಾರ್ಚ್ ದಾಟುವುದು ಕಷ್ಟ. ತಾನೇ ಹೇಳಿದಳು, ಬೇರೆ ಯಾರದೋ ಚಾರ್ಟ್ ಓದುವ ಹಾಗೆ.

‘ಅಕ್ಕಾ, ಹತ್ತ ದಿನ ಬಾ. ಸಾಕು.’

ಅಪ್ಪ, ಅವ್ವ ಇಲ್ಲ. ಉಳಿದವರು ನಾವಿಬ್ಬರೇ.

೬ ಫೆಬ್ರುವರಿ

ಮಹಾಲಿಂಗಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡ್ ಎದುರು ಅಣ್ಣಾಸಾಹೇಬರ ಟ್ರಾವೆಲ್ಸ್. ಕಾಶಿ ಟೂರ್ ಮಾಡಿಸುತ್ತಾರೆ, ವೀಸಾನೂ. ಬೆರಳು ಮಡಚುತ್ತ ಹೇಳಿದರು — ನಾನು ವಾಪಸು ಬಂದ ಮೇಲೂ ಪಾಸ್‌ಪೋರ್ಟಿನ ಅವಧಿ ಮೂರು ತಿಂಗಳು ಉಳಿದಿರಬೇಕು. ಇನ್ಶೂರೆನ್ಸ್, ಟಿಕೆಟ್, ಫೋಟೊ. ಕರೆಯುವವರ ಪತ್ರ.

‘ಮತ್ತ ವಾಪಸ್ ಬರ್ತೀರಿ ಅನ್ನೂದಕ್ಕ ಪುರಾವೆ ಬೇಕ್ರಿ ಅಕ್ಕಾರ. ಗಂಡ, ಮನಿ… ಇವು ಇದ್ದರ ಅವ್ರಿಗೆ ಧೈರ್ಯ.’

ಕಾವೇರಿಯ ಪತ್ರ ಓದಿ ತಲೆ ಎತ್ತಿದರು. ‘ಈ ರಾಜೇಶ್ವರಿ ಯಾರ್ರಿ? ನಿಮ್ಮ ಪಾಸ್‌ಪೋರ್ಟ್‌ನಾಗ ಗಂಗಾಂಬಿಕಾ ಅದ.’

ನಾನೇ. ಇಪ್ಪತ್ನಾಲ್ಕು ವರ್ಷದ ಹಿಂದೆ, ಮದುವೆಯ ದಿನ, ತಾಟಿನಲ್ಲಿ ಅಕ್ಕಿ ಹರಡಿ ಉಂಗುರದಿಂದ ಇವರು ಹೊಸ ಹೆಸರು ಬರೆದರು. ಎಲ್ಲರೂ ಓದಿದರು. ಅತ್ತೆ ಅಂಗೈಯಿಂದ ಅಕ್ಕಿ ಸಮ ಮಾಡಿದರು. ಆಮೇಲಿನ ಕಾಗದಗಳಲ್ಲೆಲ್ಲ ಗಂಗಾಂಬಿಕಾ. ತಂಗಿ ಎನ್ನುವುದಕ್ಕೆ ಇರುವ ಪುರಾವೆ ನಮ್ಮಿಬ್ಬರ ಸಾಲಿ ಸರ್ಟಿಫಿಕೇಟ್ — ಅದರಲ್ಲಿ ರಾಜೇಶ್ವರಿ.

‘ಎರಡೂ ಒಬ್ಬಾಕೀನ ಅಂತ ಜಮಖಂಡಿ ನೋಟರಿ ಮುಂದ ಅಫಿಡವಿಟ್ ಮಾಡಸ್ರಿ. ಯಜಮಾನ್ರೂ ಸಹಿ ಹಾಕ್ಲಿ. ಮುಗೀತು.’

೯ ಫೆಬ್ರುವರಿ, ಭಾನುವಾರ

ಊಟಕ್ಕೆ ಬಡಿಸುವಾಗ ಕೇಳಿದೆ. ಇವರು ರೊಟ್ಟಿ ಮುರಿಯುತ್ತ ತಮ್ಮ ಅವ್ವನ ಮುಖ ನೋಡಿದರು.

ಅತ್ತೆ ಶಾಂತವಾಗಿಯೇ ಹೇಳಿದರು: ‘ಆ ಹೆಸರಿನಾಕೀನ ನಾವು ಮನಿ ತುಂಬಿಸಿಕೊಂಡಿಲ್ಲ. ಅಳಿಸಿದ್ದನ್ನ ಮತ್ತ ಬರದ್ರ ನನ್ನ ಮಗನ ಆಯುಷ್ಯಕ್ಕ ಕುತ್ತು. ಪರಮಾನಂದ, ಸಹಿ ಗಿಹಿ ಹಾಕೀಯಲೇ.’

‘ಹಾಕೂದಿಲ್ಲ ಬೇ, ಉಣ್ಣು.’

ಆಮೇಲೆ ನನಗೆ — ‘ಅಷ್ಟಕ್ಕ್ಯಾಕ ಅಳ್ತಿ? ಆಕೀಗೇ ಫೋನ್ ಹಚ್ಚಿ ಪತ್ರದಾಗ ಹೆಸರ ತಿದ್ದು ಅಂದ್ರ ಆತು.’

ಹಚ್ಚಿದರು. ನಾನು ತಡೆಯಲಿಲ್ಲ. ತಡೆಯದಿರುವುದು ನನ್ನ ಅಭ್ಯಾಸ, ಯಾರೂ ಕಲಿಸಿದ್ದಲ್ಲ.

೧೧ ಫೆಬ್ರುವರಿ

ಕಾವೇರಿ ಹೊಸ ಪತ್ರ ಕಳಿಸಿದ್ದಾಳೆ. ‘ನನ್ನ ಅಕ್ಕ ಗಂಗಾಂಬಿಕಾ.’ ಸಹಿ ಗೆರೆ ಬಿಟ್ಟು ಕೆಳಗೆ ಜಾರಿದೆ. ನನ್ನನ್ನು ಆ ಹೆಸರಿನಿಂದ ಅವಳು ಒಂದು ದಿನವೂ ಕರೆದಿಲ್ಲ.

ಅಣ್ಣಾಸಾಹೇಬರು ಎರಡೂ ಪತ್ರ ಫೈಲಿಗೆ ಸೇರಿಸಿದರು. ಹಳೆಯದು ಬೇಡವೇನೋ ಅಂದೆ. ‘ಇರ್ಲಿ ಬಿಡ್ರಿ. ಕಾಗದ ಹೆಚ್ಚಿದ್ದಷ್ಟೂ ಛಲೋ. ಫೈಲ್ ದಪ್ಪ ಕಾಣಬೇಕು.’

೧೭ ಫೆಬ್ರುವರಿ. ಬೆಂಗಳೂರು

ವೀಸಾ ಕೇಂದ್ರದಲ್ಲಿ ಹತ್ತೂ ಬೆರಳಿನ ಗುರುತು ತೆಗೆದುಕೊಂಡರು. ಇವರನ್ನು ಒಳಗೆ ಬಿಡಲಿಲ್ಲ. ಕೌಂಟರಿನ ಹುಡುಗಿ ಪುಟ ತಿರುವಿ, ‘ರಾಜೇಶ್ವರಿ ಯಾರು ಮೇಡಂ?’ ಎಂದಳು.

‘ನಾನು.’

ಎಷ್ಟು ಸಲೀಸಾಗಿ ಬಂತು! ಹುಡುಗಿ ಏನೋ ಬರೆದುಕೊಂಡಳು.

೧೨ ಮಾರ್ಚ್

ಪಾಸ್‌ಪೋರ್ಟ್ ವಾಪಸು ಬಂತು, ವೀಸಾ ಇಲ್ಲದೆ. ಜೊತೆಗೆ ಒಂದು ಹಾಳೆ. ಚೌಕದಲ್ಲಿ ಟಿಕ್. ಭೇಟಿಯ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬುವಂತಿಲ್ಲ. ಒಬ್ಬಳೇ ಬರೆದ ಎರಡು ಪತ್ರ, ಇಬ್ಬರು ಅಕ್ಕಂದಿರು — ಯಾರು ನಂಬುತ್ತಾರೆ?

ಇವರು ಹಾಳೆ ಮಡಚಿ ಟಿವಿ ಮೇಲಿಟ್ಟರು. ‘ಹೋಗಿದ್ರೂ ಏನ ಮಾಡಾಕಿ? ಆಕಿ ಸಾಯೂದ ನೋಡ್ಕೋತ ಕೂಡಾಕಿ. ಇಲ್ಲೇ ಕೂಡು.’

ಅತ್ತೆ ನಕ್ಕರು. ಜೋರಾಗೇನಲ್ಲ.

ಕಾವೇರಿಗೆ ಹೇಳಿದೆ. ಅವಳೂ ನಕ್ಕಳು. ‘ಹುಚ್ಚಿ ಅದೀನಿ, ಅಕ್ಕನ ಹೆಸರ ಸುದ್ದಾ ಮರ್ತೀನಿ ಅನಕೊಂಡಿರ್ಬೇಕ ಬಿಡು.’ ಕೆಮ್ಮು ಬಂತು. ಕ್ಯಾಮೆರಾ ಛಾವಣಿಗೆ ತಿರುಗಿತು. ಬಿಳಿ ಛಾವಣಿ. ನೋಡುತ್ತ ಕೂತೆ. ಬಿದ್ದ ಫೋನ್ ಎತ್ತಿಕೊಳ್ಳಲು ಅವಳಿಗೆ ಆಗಲಿಲ್ಲ.

೨೧ ಮಾರ್ಚ್, ಶುಕ್ರವಾರ

ಮಧ್ಯಾಹ್ನ ೨.೪೦. ಯಾರೋ ನರ್ಸ್‌ನ ಫೋನ್. ನಿಧಾನವಾಗಿ, ಇಂಗ್ಲಿಷಿನಲ್ಲಿ. ನೀವು ರಾಜೇಶ್ವರಿಯೇ ಎಂದು ಎರಡು ಸಲ ಕೇಳಿ, ಆಮೇಲೆ ಹೇಳಿದಳು.

ಹೋದಳು.

೨೨ ಮಾರ್ಚ್

ಒಲೆ ಹಚ್ಚಿಲ್ಲ. ಇವರು ಹೋಟೆಲಿನಿಂದ ಇಡ್ಲಿ ತಂದು ಅವ್ವನ ಜೊತೆ ತಿಂದರು.

ಹನ್ನೊಂದರ ಹೊತ್ತಿಗೆ ಪಕ್ಕದ ಮನೆಯ ಯಂಕವ್ವ. ಕೈಯಲ್ಲಿ ಕುಂಕುಮದ ಭರಣಿ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಸೆರಗಿನಿಂದ ನನ್ನ ಕಣ್ಣೊರೆಸಿದರು. ಒಳ್ಳೆಯ ಹೆಂಗಸು.

‘ಅಳಬ್ಯಾಡ ಗಂಗವ್ವಾ. ನಿಮ್ಮತ್ತಿ ಎಲ್ಲಾ ಹೇಳಿದ್ರು. ಆಕಿ ನಿನ್ನ ತಂಗೀನ ಅಲ್ಲಂತ ಜರ್ಮನಿ ಸರ್ಕಾರನ ಬರದ ಕೊಟ್ಟೈತಂತಲ್ಲವಾ? ಹಂಗಿದ್ದ ಮ್ಯಾಲ ನಿನಗೆಲ್ಲೀ ಸೂತಕ! ಸಂಜೀಕ ನಮ್ಮ ಸೊಸೀದು ಏಳ ತಿಂಗಳ ಕುಬಸ ಐತಿ. ಉಡಿ ತುಂಬಾಕ ಬಾ, ಹಾಡಾಕೂ ನೀನ ಬೇಕು—’