ಹೊತ್ತೊಯ್ಯಲಾಗದ ಮನೆ

ಹೊಳೆಯಾಚೆ ಹೊಸಕೇರಿ,
ನೆಗ್ರೋಸ್ ದ್ವೀಪ
ಫೆಬ್ರವರಿ ೧೨, ೧೯೯೩

ನನ್ನ ಇಂದಾಯ್ ಮಾರ್ಲಿಸ್‌ಗೆ,

ಇಂದಾಯ್, ಮಗಳೇ, ಎಂದು ಅಮ್ಮ ನಿನ್ನನ್ನು ಕರೆಯುವ ಹೆಸರಿನಿಂದಲೇ ಶುರುಮಾಡಿದ್ದೇನೆ. ಈ ಕಾಗದ ಓದಿ ಮುಗಿಸುವವರೆಗೆ ನೀನು ಈ ಮನೆಯ ಮಗಳು ಅನ್ನುವುದನ್ನು ಮರೆಯಬೇಡ. ಯಾಕಂದರೆ ನಡುವೆ ಎಲ್ಲಾದರೂ ನಿನಗೆ ಸಿಟ್ಟು ಬರಬಹುದು.

ನಿನ್ನ ಕಾಗದ ಬಂತು. ಜೂನಿನಲ್ಲಿ ಮತ್ತೆ ಬರುತ್ತೀರಿ, ಈ ಸಲ ಆರು ಸಿಮೆಂಟು ಮನೆ ಕಟ್ಟುತ್ತೀರಿ, ಅದಕ್ಕಾಗಿ ನಿಮ್ಮ ಚರ್ಚಿನ ಸಭೆಯ ಹುಡುಗಿಯರು ಚಳಿಯಲ್ಲಿ ನಿಂತು ಕೇಕು ಮಾರಿದರು ಎಂದು ಬರೆದಿದ್ದೀಯ. ತುಂಬಾ ಬಡವರಾದ ಆರು ಸಂಸಾರ ಆರಿಸಿಡು ಎಂದು ನನಗೆ ಹೇಳಿದ್ದೀಯ. ಆರಿಸಿಲ್ಲ, ಆರಿಸುವುದೂ ಇಲ್ಲ. ಕಾರಣ ಮುಂದೆ ಹೇಳುತ್ತೇನೆ.

ಅದಕ್ಕಿಂತ ತುರ್ತಾದ್ದು ಒಂದಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗದು ಗೊತ್ತು. ನನ್ನ ಅಮ್ಮನಿಗೆ ಒಂದು ಕಾಗದ ಬರೆ. ನೀವು ಕಟ್ಟಿಕೊಟ್ಟ ಮನೆಯನ್ನು ಬಿಟ್ಟು ಹೋಗು ಎಂದು ಬರೆ. ನಿನ್ನ ಕೈಯಲ್ಲೇ ಬರೆ. ಈಸ್ಟರ್ ಹಬ್ಬಕ್ಕೆ ಮುಂಚೆ ಅದು ನಮಗೆ ತಲುಪಬೇಕು. ಹಬ್ಬ ಕಳೆದ ಮೇಲೆ ನಮ್ಮ ಹಳೆ ಕೇರಿಯ ಜಾಗಕ್ಕೆ ಸಮುದ್ರದ ನೀರು ಬಿಡುತ್ತಾರೆ.

ನಮ್ಮ ಜಮೀನುದಾರ ಡಾನ್ ಹೊನೊರಾಟೊ ನಿನಗೆ ನೆನಪಿರಬೇಕು. ನಿಮಗೆಲ್ಲ ತಣ್ಣನೆಯ ಪಾನೀಯ ತರಿಸಿಕೊಟ್ಟವನು. ಮನೆ ಮುಗಿದ ದಿನ ಅಮ್ಮನ ಹೆಗಲ ಮೇಲೆ ಕೈ ಹಾಕಿ ಫೋಟೋದ ನಟ್ಟನಡುವೆ ನಿಂತವನು. ಎಂಥ ದೊಡ್ಡ ಮನಸ್ಸಿನ ಮನುಷ್ಯ ಎಂದು ನಿಮ್ಮ ಪಾಸ್ಟರ್ ಅವನಿಗಾಗಿ ಪ್ರಾರ್ಥನೆ ಮಾಡಿದರಲ್ಲ, ಅದೇ ಆಸಾಮಿ. ಈಗ ಅವನಿಗೆ ಕಬ್ಬು ಸಾಕಾಗಿದೆ. ಜಪಾನಿನವರು ಸೀಗಡಿ ತಿನ್ನುತ್ತಾರಂತೆ, ಆದ್ದರಿಂದ ಸಮುದ್ರದ ಕಡೆಯ ಅಷ್ಟೂ ಗದ್ದೆಯನ್ನು ಅಗೆಸಿ ಸೀಗಡಿ ಕೆರೆ ಮಾಡಿಸುತ್ತಿದ್ದಾನೆ. ನಡುವೆ ಒಂದು ಕೇರಿ ಇದೆ, ಅದರಲ್ಲಿ ಜನ ಇದ್ದಾರೆ, ಮೂರು ತಲೆಮಾರಿನಿಂದ ಅವನ ಕಬ್ಬು ಕಡಿದವರು ಅನ್ನುವುದೆಲ್ಲ ಅವನ ಲೆಕ್ಕಕ್ಕೇ ಬರಲಿಲ್ಲ. ಅವನ ಮೇನೇಜರ್ ಬಂದು ಜೀಪಿನಿಂದ ಇಳಿಯದೆಯೇ ಹೇಳಿದ: "ಸಕ್ಕರೆ ಗಿರಣಿ ನಿಲ್ಲೋದ್ರೊಳಗೆ ಜಾಗ ಖಾಲಿ ಮಾಡಿ. ನಿಮ್ಮನೆಗಳಿಗೇನು, ಎತ್ತಿದ್ರೆ ಬರ್ತವೆ."

ಆ ಮಾತಿನಲ್ಲಿ ಮಾತ್ರ ಸುಳ್ಳಿರಲಿಲ್ಲ. ನಮ್ಮ ಮನೆಗಳು ಎತ್ತಿದರೆ ಬರುತ್ತವೆ. ಬಿದಿರ ಗೋಡೆ, ಗರಿಯ ಮಾಡು, ಕೆಳಗೆ ಕಂಬ. ನೆಲ ನಮ್ಮದಲ್ಲ ಎಂದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು, ಅದಕ್ಕೇ ಅವರು ಹೊರಬಹುದಾದ ಮನೆ ಕಟ್ಟಿದರು. ಒಡೆಯ ಇಲ್ಲಿಂದ ಏಳು ಅಂದರೆ ಕೇರಿಯವರೆಲ್ಲ ಸೇರಿ ಮನೆಯ ಅಡಿಗೆ ಉದ್ದ ಬಿದಿರು ತೂರಿಸಿ, ಹೆಗಲು ಕೊಟ್ಟು, ಮನೆಯನ್ನು ಮನೆಯಾಗಿಯೇ ಹೊತ್ತುಕೊಂಡು ಹೋಗುತ್ತಾರೆ. ದಗ್ಯಾವ್ ಅನ್ನುತ್ತೇವಲ್ಲ, ಅದು. ಮನೆಯೊಡತಿ ಬಿದಿರಿಗೆ ಹೆಗಲು ಕೊಡುವ ಹಾಗಿಲ್ಲ. ಅವಳು ಒಲೆಯ ಕೆಂಡವನ್ನು ಮಡಕೆಯಲ್ಲಿ ತುಂಬಿಕೊಂಡು ಮುಂದೆ ನಡೆಯುತ್ತಾಳೆ, ಮನೆ ಅವಳ ಹಿಂದೆ ಬರುತ್ತದೆ.

ಕೆಲವು ವರ್ಷದ ಹಿಂದೆ ನೀವು ಬಂದದ್ದೂ ಜೂನಿನಲ್ಲೇ. ಗಿರಣಿ ನಿಂತು ಕೆಲಸವಿಲ್ಲದ, ಕೂಲಿಯಿಲ್ಲದ ತಿಂಗಳು. ಹಗಲೆಲ್ಲ ನಿಮ್ಮ ಜೊತೆ ಮರಳು ಹೊತ್ತ ನಮ್ಮ ಗಂಡಸರನ್ನು ನೋಡಿ ಪಾಸ್ಟರ್ ಖುಷಿಯಿಂದ ಅಂದಿದ್ದರು: "ಇಲ್ಲಿಯ ಜನಕ್ಕೆ ಎಷ್ಟೊಂದು ಬಿಡುವು, ಎಷ್ಟು ನೆಮ್ಮದಿ!" ಅದನ್ನು ನಾನು ನಮ್ಮ ಭಾಷೆಗೆ ತಂದು ಹೇಳಿದಾಗ ಎಲ್ಲರೂ ಮತ್ತೆ ಮರಳಿನ ಬುಟ್ಟಿ ಎತ್ತಿಕೊಂಡರು. ಆ ತಿಂಗಳು ಎಷ್ಟೋ ಮನೆಯಲ್ಲಿ ಒಂದೇ ಹೊತ್ತು ಒಲೆ ಉರಿಯುತ್ತಿತ್ತು. ನಿಮಗೆ ಮಾತ್ರ ಮೂರು ಹೊತ್ತೂ ಅನ್ನ, ಮೀನು. ಅದು ಎಲ್ಲಿಂದ ಬರುತ್ತಿತ್ತು ಎಂದು ನೀನು ಒಮ್ಮೆ ಕೇಳಿದ್ದೆ, ನಾನು ನಕ್ಕೆ. ಅತಿಥಿಗೆ ಅದನ್ನು ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ಅಮ್ಮನ ಗುಡಿಸಲು ಗಾಳಿಗೆ ವಾಲಿತ್ತು. ಹೊಸದು ಕಟ್ಟೋಣ ಅಂದಿರಿ. ಬಡಗಿ ಅಂಬೋ ಅಂದ: "ಬಿದಿರಲ್ಲೇ ಮಾಡಿ, ನಾವೂ ಕೈ ಹಾಕ್ತೀವಿ, ವಾರದೊಳಗೆ ನಿಲ್ಲಿಸಿಬಿಡೋಣ." ಬೇಡ, ಯಾವ ಗಾಳಿಗೂ ಅಲುಗದಂಥದ್ದು ಕೊಡುತ್ತೇವೆ ಎಂದರು ಪಾಸ್ಟರ್. ಅಂಬೋ ತಲೆ ಕೆರೆದುಕೊಂಡು ಕೇಳಿದ: "ಸರಿ ಸ್ವಾಮಿ, ಆದ್ರೆ ಅದನ್ನ ಹೊರೋದು ಹೇಗೆ?"

ನಾನು ಪದಕ್ಕೆ ಪದ ಹೇಳಿದೆ. ನೀವೆಲ್ಲ ನಕ್ಕಿರಿ. ಎಂಥ ತಮಾಷೆಯ ಮುದುಕ ಎಂದು ಅವನ ಬೆನ್ನು ತಟ್ಟಿದಿರಿ. ನೀವು ನಕ್ಕಿರೆಂದು ಅವನೂ ನಕ್ಕ.

ಬಾವಿಯ ನೀರು ಕುಡಿಯಬಹುದಾ, ಮಕ್ಕಳಿಗೆ ಹುಳದ ಮಾತ್ರೆ ಕೊಟ್ಟಿದ್ದೀರಾ, ರಾತ್ರಿ ಹಾವು ಬರುತ್ತವಾ, ಎಲ್ಲವನ್ನೂ ಕೇಳಿದಿರಿ. ಈ ನೆಲ ಯಾರದು ಎಂದು ಒಬ್ಬರೂ ಕೇಳಲಿಲ್ಲ. ಮಾರ್ಲಿಸ್, ನಿನ್ನನ್ನು ಚುಚ್ಚಬೇಕೆಂದು ಇದನ್ನು ಬರೆಯುತ್ತಿಲ್ಲ. ಆ ಪ್ರಶ್ನೆ ಕೇಳದೆ ಇಲ್ಲಿ ಏನು ಕಟ್ಟಿದರೂ ಅದು ಡಾನ್ ಹೊನೊರಾಟೊನದೇ ಆಗುತ್ತದೆ. ಈಗ ಆಗಿರುವುದೂ ಅದೇ.

ಕಳೆದ ತಿಂಗಳು ನಮ್ಮ ಕೇರಿ ಹೊಳೆ ದಾಟಿತು. ಆಚೆ ದಂಡೆಯ ಪಾಳು ನೆಲಕ್ಕಾಗಿ ನಮ್ಮ ಕೂಲಿಕಾರರ ಸಂಘದವರು ಸರ್ಕಾರಿ ಕಚೇರಿಯ ಮೆಟ್ಟಿಲಲ್ಲಿ ಮಲಗಿ, ಬೈಸಿಕೊಂಡು, ಎರಡು ಸಲ ಲಾಕಪ್ಪು ನೋಡಿ ಬಂದರು. ಪಟ್ಟಾ ಇನ್ನೂ ಕೊಟ್ಟಿಲ್ಲ, ಓಡಿಸಿಯೂ ಇಲ್ಲ. ದಿನಕ್ಕೆ ಎರಡು ಮೂರು ಮನೆ ದಾಟಿಸಿದೆವು. ನೀನು ನೋಡಬೇಕಿತ್ತು. ಎದೆಮಟ್ಟದ ನೀರಿನಲ್ಲಿ ಮನೆಗಳು ನಡೆದುಹೋದವು. ಒಂದು ಮನೆಯೊಳಗೆ ಕೋಳಿ ಕಾವಿಗೆ ಕೂತಿತ್ತು, ಅದು ಏಳಲೇ ಇಲ್ಲ. ಅಂಬೋ ಕೂಗುತ್ತಿದ್ದ: "ಏ, ಎಡಗಡೆಯೋರು ಹೆಂಡ ಕುಡಿದಿದ್ದೀರೋ, ಬಲಗಡೆಯೋರು ಕುಡಿದಿದ್ದೀರೋ? ಇಬ್ರೂ ಒಂದೇ ಅಳತೆ ಕುಡಿದು ಬನ್ರೋ, ಮನೆ ವಾಲ್ತಿದೆ!" ಊರು ಬಿಡುವಾಗಲೂ ನಾವು ನಗುತ್ತೇವೆ. ಇದನ್ನು ನೆಮ್ಮದಿ ಎಂದು ಮಾತ್ರ ಬರೆದುಕೊಳ್ಳಬೇಡ.

ಅಮ್ಮನ ಮನೆ ಅಲ್ಲೇ ನಿಂತಿದೆ. ಸುತ್ತ ಬರೀ ಕಂಬ ಕಿತ್ತ ಗುಳಿಗಳು, ನಡುವೆ ನಿಮ್ಮ ಸಿಮೆಂಟಿನ ಪೆಟ್ಟಿಗೆ.

ಮೇನೇಜರ್ ಬಂದು ಅದನ್ನು ಸುತ್ತು ಹಾಕಿ ನೋಡಿದ, ಗೋಡೆಗೆ ಗುದ್ದಿ ನೋಡಿದ. "ಗಟ್ಟಿಯಾಗಿದೆ. ನೆಲ ಎತ್ತರಿಸಿದ್ದಾರೆ, ಕೆರೆ ತುಂಬಿದ್ರೂ ಇದಕ್ಕೆ ನೀರು ಬರಲ್ಲ. ಕಾವಲು ಮನೆಗೆ ಹೇಳಿ ಮಾಡಿಸಿದ ಹಾಗಿದೆ," ಅಂದ. ನಾನು ಜಗಳಕ್ಕೆ ನಿಂತೆ. ಇದು ನಮ್ಮಮ್ಮಂದು, ಸಭೆಯವರು ಕೊಟ್ಟದ್ದು ಅಂದೆ. ಅವನಿಗೆ ನಗು. "ನೆಲಕ್ಕೆ ಅಂಟಿದ್ದು ನೆಲದ ಒಡೆಯಂದು ಕಣಮ್ಮ. ನಿಮ್ಮದಾದ್ರೆ ಎತ್ಕೊಂಡ್ ಹೋಗಿ, ಬೇಡ ಅಂದೋರು ಯಾರು?"

ಅಂಬೋನ ಆ ಪ್ರಶ್ನೆಯನ್ನೇ ಅವನು ಕೇಳಿದ. ಈ ಸಲ ನಗುವವರು ಮಾತ್ರ ಬೇರೆ.

ಹೋಗುವಾಗ ಅಮ್ಮನಿಗೆ ಇನ್ನೊಂದು ಮಾತು ಹೇಳಿ ಹೋದ. "ಅಜ್ಜೀ, ನೀವು ಬೇಕಾದ್ರೆ ಇಲ್ಲೇ ಇರಿ. ಕಾವಲಿನ ಹುಡುಗರಿಗೆ ಅಡುಗೆ ಮಾಡಿ ಹಾಕಿ. ಒಳಕೋಣೆ ಅವರಿಗೆ, ಹಿಂದಿನ ಜಗುಲಿ ನಿಮಗೆ." ಬಂದೂಕು ಹಿಡಿದ ನಾಲ್ಕು ಜನ ಗಂಡಸರಿಗೆ ಅನ್ನ ಬೇಯಿಸಿಕೊಂಡು, ನೀವು ತನ್ನ ಹೆಸರು ಬರೆದುಕೊಟ್ಟ ಗೋಡೆಯ ಹೊರಗೆ ಮಲಗಬೇಕು ನಮ್ಮಮ್ಮ. ನಾಳೆ ಯಾರೋ ಸೀಗಡಿ ಕದ್ದ ಎಂದು ಆ ಬಂದೂಕುಗಳು ತಿರುಗುವುದು ಹೊಳೆಯಾಚೆಗೆ, ಅವಳ ಮೊಮ್ಮಕ್ಕಳ ಕಡೆಗೆ.

ಆದರೂ ಅವಳು ಏಳುವುದಿಲ್ಲ ಅನ್ನುತ್ತಾಳೆ. ಆ ಅಡುಗೆ ಕೆಲಸದ ಆಸೆಗಲ್ಲ. ನಿನಗಾಗಿ.

"ಆ ಹುಡುಗಿ ಅಂಗೈ ಬೊಬ್ಬೆ ಬರೋ ಹಾಗೆ ಗಾರೆ ಕಲಸಿದ್ಲು. ರಕ್ತ ಬಂತು, ಬಟ್ಟೆ ಸುತ್ಕೊಂಡು ಮತ್ತೆ ಕಲಸಿದ್ಲು. ಅವಳನ್ನ ಒಂದ್ ಮಾತು ಕೇಳದೆ ಬಿಟ್ಟು ಹೋದ್ರೆ ನಾನೆಂಥ ಹೆಂಗಸು? ನಾಳೆ ಅವಳು ಬಂದು 'ನಾನಾಯ್, ಅಮ್ಮಾ, ಮನೆ ಎಲ್ಲಿ?' ಅಂದ್ರೆ ಮುಖ ಎಲ್ಲಿಟ್ಕೊಳ್ಲಿ?"

ಇದು ನಮ್ಮವರ ರೋಗ ಅನ್ನು, ಮರ್ಯಾದೆ ಅನ್ನು. ಅಕ್ಕಿ ಕೊಟ್ಟವರಿಗೆ ಅಕ್ಕಿ ಮರಳಿಸಬಹುದು, ಪ್ರೀತಿಯಿಂದ ಕೊಟ್ಟದ್ದನ್ನು ಮರಳಿಸಲು ಬರುವುದಿಲ್ಲ. ಕೊಟ್ಟವರು ಹೂಂ ಅನ್ನದೆ ಬಿಡಲೂ ಬರುವುದಿಲ್ಲ. ಡಾನ್‌ಗಳು ನಮ್ಮನ್ನು ಇಷ್ಟು ಕಾಲ ಆಳಿದ್ದು ಇದೇ ಹಗ್ಗದಿಂದ. ಒಬ್ಬನ ಹೆಂಡತಿಯ ಹೆರಿಗೆಗೆ ಜೀಪು ಕೊಟ್ಟು, ಅವನ ಮಕ್ಕಳ ಕಾಲದವರೆಗೂ ಬಿಟ್ಟಿ ದುಡಿಸಿಕೊಂಡರು. ನಿನಗೆ ಗೊತ್ತಿಲ್ಲದೆ ಅದೇ ಹಗ್ಗದ ಒಂದು ತುದಿ ನಿನ್ನ ಕೈಯಲ್ಲಿದೆ. ನೀನು ಅದನ್ನು ಬಿಡು ಎಂದು ಕೇಳುತ್ತಿದ್ದೇನೆ, ಅಷ್ಟೆ.

ನಾನು ಬೇಡಿದೆ, ಬೈದೆ. ಸಂಘದ ಮೀಟಿಂಗಿನಲ್ಲಿ ಗಿರಣಿ ಯಜಮಾನರ ಬಾಯಿ ಮುಚ್ಚಿಸಿದವಳು ನಾನು, ಅಮ್ಮನ ಮುಂದೆ ಸೋತೆ. ಅಂಬೋ ಒಂದು ಉಪಾಯ ಹೇಳಿದ: "ನಿನ್ನಮ್ಮಂಗೆ ಓದೋಕೆ ಬರಲ್ವಲ್ಲ. ಆ ಬಿಳಿ ಹುಡುಗಿ ಬರೆದಿದ್ದಾಳೆ ಅಂತ ಏನೋ ಒಂದು ಓದಿಬಿಡು." ಅವನಿಗೆ ನಮ್ಮಮ್ಮ ಗೊತ್ತಿಲ್ಲ. ನಿನ್ನ ಕಾಗದ ಬಂದಾಗಲೆಲ್ಲ ಅವಳು ಮೊದಲು ಮೂಸಿ ನೋಡುತ್ತಾಳೆ. ನಿನ್ನ ಸೋಪಿನ ವಾಸನೆ ಇರಬೇಕು. ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದರೆ ಸಾಲುಗಳು ಎಡಕ್ಕೆ ವಾಲಿರಬೇಕು. ಆಮೇಲೆ ನನಗೆ ಓದಲು ಕೊಡುತ್ತಾಳೆ.

ಹಾಗಾಗಿ ನೀನೇ ಬರೆಯಬೇಕು. ಉದ್ದ ಬೇಡ. "ನಾನಾಯ್, ಮನೆ ಗೋಡೆಯಲ್ಲಿಲ್ಲ, ನೀವಿರುವ ಕಡೆ ಇದೆ" ಅಂತೆಲ್ಲ ಉಪದೇಶ ಬರೆಯಬೇಡ, ಅವಳಿಗೆ ಹಿಡಿಸುವುದಿಲ್ಲ. "ಬಾಗಿಲು, ಮಾಡಿನ ತಗಡು ಬಿಚ್ಚಿಕೊಂಡು ಹೋಗಿ, ಉಳಿದದ್ದಕ್ಕೆ ನನಗೆ ಬೇಸರವಿಲ್ಲ" ಎಂದು ಬರೆ. ಅಂಬೋ ಆಗಲೇ ಉಳಿ ಮಸೆದಿಟ್ಟಿದ್ದಾನೆ. "ತಗಡು ನಮಗೆ, ಗೋಡೆ ಡಾನ್‌ಗೆ. ಮಾಡೇ ಇಲ್ಲದ ಗೋಡೆ ಇಟ್ಕೊಂಡು ನೆಕ್ಕಲಿ," ಅನ್ನುತ್ತಾನೆ.

ಇನ್ನು ಜೂನಿನ ಮಾತು. ಖಂಡಿತ ಬಾ. ಆ ಹುಡುಗಿಯರನ್ನೂ ಕರೆದುಕೊಂಡು ಬಾ. ನಮ್ಮ ಜೊತೆ ನುಗ್ಗೆಸೊಪ್ಪಿನ ಸಾರು, ಒಣಮೀನು ಉಣ್ಣಿ. ಈ ಸಲ ನಿಮಗೆಂದು ಬೇರೆ ಅಡುಗೆ ಮಾಡುವುದಿಲ್ಲ, ಅದು ನಮ್ಮ ಮನೆಯವರಿಗೆ ಮಾಡುವ ಮರ್ಯಾದೆ. ಸಿಮೆಂಟು ತರಬೇಡಿ. ಪಟ್ಟಾ ಕೇಳಲು ನಾವು ಮತ್ತೆ ಕಚೇರಿಯ ಮೆಟ್ಟಿಲಿಗೆ ಹೋಗುತ್ತೇವೆ; ಹಾಡು ಬರುತ್ತದಲ್ಲ ನಿಮಗೆ, ಅಲ್ಲಿ ನಮ್ಮ ಪಕ್ಕ ಕೂತು ಹಾಡಿ. ಬಿಳಿ ಮುಖ ಕಂಡರೆ ಪೊಲೀಸರ ಕೋಲು ಸ್ವಲ್ಪ ನಿಧಾನವಾಗುತ್ತದೆ. ಹೀಗೆ ಬರೆಯಲು ನನಗೆ ನಾಚಿಕೆ. ಆದರೆ ಇದು ನಿಜ. ಡಾನ್ ನಡುವೆ ನಿಂತ ಆ ಫೋಟೋ ನಿಮ್ಮ ಸಭೆಯ ಗೋಡೆಯ ಮೇಲಿದೆ ಎಂದು ನೀನು ಬರೆದಿದ್ದೆ. ಅದನ್ನು ತೆಗೆಯಬೇಡಿ. ಕೆಳಗೆ ಆ ಮನುಷ್ಯ ಯಾರು ಎಂದು ಬರೆದು ಹಾಕಿ.

ಪಾಸ್ಟರ್ ಒಪ್ಪದಿದ್ದರೆ ನೀನೊಬ್ಬಳೇ ಬಾ. ಪಟ್ಟಾ ಸಿಕ್ಕದೆ ಮನೆಗಳನ್ನು ಮತ್ತೆ ಎತ್ತಬೇಕಾದರೆ ಬಿದಿರಿನ ಕೆಳಗೆ ನಿನಗೊಂದು ಜಾಗ ಇಡುತ್ತೇವೆ. ನೀನು ಎತ್ತರದವಳು, ನಿನ್ನ ಹೆಗಲಿನ ಕಡೆಗೆ ಮನೆ ಸ್ವಲ್ಪ ಏಳಬಹುದು. ಅಂಬೋ ಬೈಯುತ್ತಾನೆ, ಬೈಯಲಿ.

ನಿನ್ನ ಬೊಬ್ಬೆಗಳಿಗೆ ಅರಿಶಿನ ಹಚ್ಚಿದ ಅಕ್ಕ,
ಮೆಡಿಂಗ್

ಮರೆತ ಮಾತು: ಮೇಲೆ ಹೊಸಕೇರಿಯ ವಿಳಾಸ ಹಾಕಿದ್ದೇನೆ. ಉತ್ತರವನ್ನು ಅಲ್ಲಿಗೇ ಹಾಕು, ಅಂಬೋ ಹೊಳೆ ದಾಟಿ ತಂದುಕೊಡುತ್ತಾನೆ. ನಾನಿನ್ನೂ ಅಲ್ಲಿಗೆ ಹೋಗಿಲ್ಲ. ಕೇರಿಯೆಲ್ಲ ದಾಟಿತು ಎಂದು ಬರೆದೆ, ನನ್ನ ಮನೆ ದಾಟಿಲ್ಲ. ಗಂಡ, ಮಕ್ಕಳು ಆಚೆ ಇದ್ದಾರೆ. ನಮ್ಮ ಮನೆಯ ಅಡಿಗೆ ಬಿದಿರು ತೂರಿಸಿ ಕಟ್ಟಿಯಾಗಿದೆ. ಅಮ್ಮನ ಬಾಗಿಲು ನನ್ನ ಬಾಗಿಲಿಗೆ ಎದುರು. ಅವಳು ನೋಡುತ್ತ ಕೂತಿರುವಾಗ ಕೆಂಡದ ಮಡಕೆ ಹಿಡಿದು ನಾನು ಮುಂದೆ ನಡೆಯುವುದು ಹೇಗೆ? ಇದನ್ನೆಲ್ಲ ಬರೆಯುವಾಗ ಅಲ್ಲಿಂದಲೇ ಕೂಗಿ ಕೇಳಿದಳು, ಯಾರಿಗೆ ಕಾಗದ ಎಂದು. ನಿನಗೆ ಎಂದೆ. "ಅವಳು ಬಾಗಿಲಿಗೆ ಬಳಿದ ನೀಲಿ ಬಣ್ಣ ಹಾಗೇ ಇದೆ, ಒಂದ್ ಚೂರೂ ಮಾಸಿಲ್ಲ ಅಂತ ಬರಿ," ಅಂದಳು. ಅವಳು ಹೇಳಿದಂತೆ ಬರೆದಿದ್ದೇನೆ. ಅವಳ ಕಣ್ಣಿಗೆ ಪೊರೆ ಬಂದಿದೆ, ಮಾರ್ಲಿಸ್. ಬಾಗಿಲು ಪೂರ್ತಿ ಬೆಳ್ಳಗಾಗಿದೆ.