ಪುಸ್ತಕದಲ್ಲಿಲ್ಲದ ಪುಟಗಳು

ಒಳಗೆ ಕೂತಿರುವ ಪುಣ್ಯಾತ್ಮನಿಗೆ, ಅಥವಾ ಪುಣ್ಯಾತ್ಗಿತ್ತಿಗೆ,

ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಬೆಳಗಿನಿಂದ ಪೆನ್ನಿನ ಕ್ಯಾಪು ಕಚ್ಚುತ್ತಾ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳೇ. ಎದ್ದೆ, ಕಿಟಕಿ ತೆರೆದೆ, ಕೆಳಗೆ ಲಾರಿಯೊಂದು ಹಾರ್ನ್ ಹೊಡೆಯಿತು, ಮುಚ್ಚಿದೆ. ಫ್ಯಾನು ಹಾಕಿದರೆ ಚಳಿ, ಆರಿಸಿದರೆ ಸೆಕೆ. ಕಟ್ಟಿಟ್ಟ ಬ್ಯಾಗನ್ನು ಬಿಚ್ಚಿ ಮತ್ತೆ ಕಟ್ಟಿದೆ. ಈ ಪ್ರವಾಸದಲ್ಲಿ ಇದು ಎಷ್ಟನೇ ಲಾಡ್ಜೋ ಲೆಕ್ಕ ತಪ್ಪಿದೆ. ಎಲ್ಲ ಕಡೆ ಅದೇ ಕಂದು ಪರದೆ, ಅದೇ ಬೆರಳುದ್ದದ ಸೋಪು. ಸ್ವಿಚ್ಚುಗಳು ಮಾತ್ರ ಒಂದೊಂದು ಊರಲ್ಲಿ ಒಂದೊಂದು ಮೂಲೆಯಲ್ಲಿ. ನಿನ್ನೆ ಬಾತ್‌ರೂಮಿನ ದೀಪ ಹಾಕಲು ಹೋಗಿ ಬೆಲ್ ಒತ್ತಿಬಿಟ್ಟೆ, ಕೌಂಟರಿನವರು ಏದುಸಿರು ಬಿಡುತ್ತಾ ಮೇಲೆ ಬಂದರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಬೇಡದ ಕಾಫಿ ತರಿಸಿಕೊಂಡೆ.

ನಾನು ಕಾದಂಬರಿ ಬರೆಯುವವಳು. ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುವ ಕೆಲಸ ಅಂದುಕೊಂಡು ಇದಕ್ಕೆ ಬಿದ್ದೆ. ಬರೆದು ಮುಗಿಸಿದ ಮೇಲೆ ಅದನ್ನು ಹೊತ್ತು ಊರೂರು ಅಲೆಯಬೇಕೆಂದು ಆಗ ಯಾರೂ ಹೇಳಲಿಲ್ಲ. ಬೆಳಿಗ್ಗೆ ಬಸ್ಸೋ ರೈಲೋ. ಮಧ್ಯಾಹ್ನ ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು, ಪ್ರತಿಯ ಮೇಲೆ ಪ್ರತಿಗೆ ಸಹಿ. ಸಂಜೆ ಒಂದು ಸಭಾಂಗಣ, ಒಂದು ಮೈಕು, ಮುಂದಿನ ಸಾಲಿನಲ್ಲಿ ನಿದ್ದೆ ಹೋಗುವ ಒಬ್ಬ ಹಿರಿಯರು. ಆಮೇಲೆ ಪ್ರಶ್ನೆಗಳು. ಇದು ನಿಮ್ಮ ಸ್ವಂತ ಕಥೇನಾ? ದಿನಕ್ಕೆ ಎಷ್ಟು ಪುಟ ಬರೀತೀರಿ? ನನ್ನ ಹತ್ರಾನೂ ಒಂದು ಕಥೆ ಇದೆ, ಹೇಳ್ತೀನಿ, ಬರ್ಕೊಡ್ತೀರಾ? ಉತ್ತರಗಳು ಬಾಯಿಪಾಠವಾಗಿ, ಈಗ ಅವೇ ತಮ್ಮಷ್ಟಕ್ಕೆ ಬಂದು ಹೋಗುತ್ತವೆ. ನನ್ನ ತಲೆ ಬೇರೆಲ್ಲೋ ಇರುತ್ತದೆ. ಬೇರೆಲ್ಲೋ ಏನು, ನಿನ್ನ ಹತ್ತಿರವೇ ಇರುತ್ತದೆ.

ನನ್ನ ಜೊತೆ ಪ್ರಕಾಶಕರ ಕಡೆಯಿಂದ ಒಬ್ಬರಿದ್ದಾರೆ. ಮಾರಾಟ ನೋಡಿಕೊಳ್ಳುವವರು, ತಲೆ ಅರ್ಧ ನರೆತಿದೆ. ಬಸ್ಸು ಹೊರಡುವ ಎಷ್ಟೋ ಮೊದಲೇ ಬಸ್ಸು ತಪ್ಪಿತೆಂದು ಕೈಚೆಲ್ಲುವ ಮನುಷ್ಯ. ನಾನು ಮನಸ್ಸಿನಲ್ಲೇ ಅವರಿಗೆ ಗಡಿಬಿಡಿ ಅಂತ ಹೆಸರಿಟ್ಟಿದ್ದೇನೆ. ಭಾರ ಎತ್ತಕೂಡದೆಂದು ಡಾಕ್ಟರ್ ಹೇಳಿದ್ದನ್ನು ಅವರಿಗೆ ಹೇಳುವಂತಿಲ್ಲವಲ್ಲ, ಮೊದಲ ದಿನವೇ ಬೆನ್ನುನೋವೆಂದು ಸುಳ್ಳು ಹೇಳಿದೆ. ಅವತ್ತಿನಿಂದ ಪೆಟ್ಟಿಗೆಗಳನ್ನೆಲ್ಲ ಪಾಪ ಅವರೇ ಹೊರುತ್ತಾರೆ, ಹೊತ್ತು ಮುಗಿದ ಮೇಲೆ ತಮ್ಮ ಸೊಂಟ ಹಿಡಿದುಕೊಂಡು ನನಗೆ ಮುಲಾಮು ಕೊಡುತ್ತಾರೆ. "ಮೇಡಂ, ಬೆನ್ನು ಅಂದ್ರೆ ತಾತ್ಸಾರ ಮಾಡ್ಬೇಡಿ, ನಮ್ಮ ಭಾವನೂ ಹಿಂಗೇ ಮಾಡಿ ಮಾಡಿ ಈಗ ಬಗ್ಗೋಕಾಗ್ತಿಲ್ಲ." ಆ ಮುಲಾಮಿನ ವಾಸನೆಗೆ ನೀನು ನನ್ನ ಹೊಟ್ಟೆ ತೊಳಸುವಂತೆ ಮಾಡುತ್ತೀಯ. ನಾನು ಮುಖ ಕಿವುಚುತ್ತೇನೆ. ಬೆನ್ನು ಬಹಳವೇ ನೋಯುತ್ತಿದೆಯೆಂದು ಅವರು ಇನ್ನಷ್ಟು ಮುಲಾಮು ಕೊಡುತ್ತಾರೆ.

ನೀನು ಬಂದಿದ್ದು ನನಗೆ ಮತ್ತು ಡಾಕ್ಟರಿಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ನಿಮ್ಮಪ್ಪನಿಗೂ. ಅದಕ್ಕೆ ಕಾರಣವಿದೆ, ಕೇಳು.

ನಿನಗಿಂತ ಮುಂಚೆ ಒಬ್ಬರು ಬಂದಿದ್ದರು. ನಿಮ್ಮಪ್ಪ ಲಿಫ್ಟ್ ರಿಪೇರಿ ಮಾಡುವವರು, ಊರಿನ ಅರ್ಧ ಕಟ್ಟಡಗಳ ಲಿಫ್ಟು ಅವರ ಕೈಯಲ್ಲೇ. ಸುದ್ದಿ ಗೊತ್ತಾದ ಮರುದಿನ ಲಿಫ್ಟಿಗೆ ಕಾಲಿಟ್ಟವರಿಗೆಲ್ಲ ಹೇಳಿಬಂದರು. ಆಫೀಸಿಗೆ ಹೋಗುವವರಿಗೆ, ಹಾಲಿನವರಿಗೆ, ಕಾವಲಿನವರಿಗೆ, ಗುರುತು ಪರಿಚಯವಿಲ್ಲದ ಯಾರದೋ ಮನೆಯ ನೆಂಟರಿಗೆ. ಹೊಟ್ಟೆಯಲ್ಲಿ ಮಾತು ನಿಲ್ಲದ ಜೀವ. ಆಮೇಲೆ ಆ ಮಗು ನಿಲ್ಲಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ. ಅವರು ಮಾತ್ರ ಹೇಳಿದ ಪ್ರತಿ ಮನೆಗೂ ಹೋಗಿ, ಹೇಳಿದ ಪ್ರತಿಯೊಬ್ಬರನ್ನೂ ಹುಡುಕಿ, ಇಲ್ಲವೆಂದು ಹೇಳಿಬರಬೇಕಾಯಿತು. ಆದರೂ ಒಬ್ಬಿಬ್ಬರು ಉಳಿದುಹೋದರು. ಎಷ್ಟೋ ತಿಂಗಳಾದ ಮೇಲೆ ಲಿಫ್ಟಿನಲ್ಲಿ ಯಾರೋ ಒಬ್ಬರು, "ಏನಪ್ಪಾ, ಗಂಡೋ ಹೆಣ್ಣೋ? ಸ್ವೀಟ್ ಎಲ್ಲಿ?" ಅಂದರಂತೆ. ಅವತ್ತು ನಿಮ್ಮಪ್ಪ ಮನೆಗೆ ಬಂದು ಶೂ ಬಿಚ್ಚದೆ ಬಾಗಿಲಲ್ಲೇ ಕೂತಿದ್ದರು. ಅದನ್ನು ಕಂಡವಳು ನಾನು. ಇನ್ನೊಮ್ಮೆ ಆ ಮುಖ ನೋಡುವ ಶಕ್ತಿ ನನಗಿರಲಿಲ್ಲ. ನೀನು ಗಟ್ಟಿಯಾಗಿ ನಿಲ್ಲುವ ತನಕ ಬಾಯಿ ಬಿಡುವುದಿಲ್ಲ ಅಂದುಕೊಂಡು, ಬ್ಯಾಗು ಹೆಗಲಿಗೇರಿಸಿ ಹೊರಟುಬಿಟ್ಟೆ.

ಆ ದುಃಖದಲ್ಲಿ ಕೂತು ಬರೆದದ್ದೇ ಈ ಕಾದಂಬರಿ. ಇದರಲ್ಲಿ ಪುಟ್ಟಿ ಅನ್ನುವ ಶಾಲೆಗೆ ಹೋಗುವ ಹುಡುಗಿ ಜ್ವರದಲ್ಲಿ ಸಾಯುತ್ತಾಳೆ. ಅವಳಮ್ಮ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತು ಕಿತ್ತಳೆ ಹಣ್ಣು ಬಿಡಿಸುತ್ತಿರುವಾಗಲೇ ಉಸಿರು ನಿಲ್ಲುತ್ತದೆ. ಅಮ್ಮ ಅಳುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಅರ್ಧ ಬಿಡಿಸಿದ ಹಣ್ಣನ್ನು ಪೂರ್ತಿ ಬಿಡಿಸುತ್ತಾಳೆ, ಒಂದೊಂದೇ ತೊಳೆಯ ನಾರು ತೆಗೆದು ತಟ್ಟೆಯಲ್ಲಿ ಜೋಡಿಸುತ್ತಾಳೆ. ಆಮೇಲಷ್ಟೇ ನರ್ಸನ್ನು ಕರೆಯುತ್ತಾಳೆ. ಇಡೀ ಪುಸ್ತಕದಲ್ಲಿ ನಾನು ತಿದ್ದದೆ ಬಿಟ್ಟ ಪುಟ ಅದೊಂದೇ. ಸಭೆಗಳಲ್ಲಿ ಅದನ್ನೇ ಓದಬೇಕೆಂದು ಪ್ರಕಾಶಕರು ಮೊದಲೇ ಗೊತ್ತು ಮಾಡಿದ್ದರು. ಅವರು ಗೊತ್ತು ಮಾಡಿದಾಗ ನೀನಿರಲಿಲ್ಲ.

ಮೊದಲ ಊರಿನಲ್ಲಿ ಮೈಕಿನ ಮುಂದೆ ನಿಂತು ಓದುತ್ತಾ ಬಂದವಳ ಕಣ್ಣಿಗೆ ಪುಟ್ಟಿಯ ಉಸಿರು ನಿಲ್ಲುವ ಸಾಲು ಬಿತ್ತು. ಚಿಕ್ಕಂದಿನಲ್ಲಿ ನಾನು ಕೆಟ್ಟ ಮಾತೇನಾದರೂ ಆಡಿದರೆ ನಿನ್ನ ಅಜ್ಜಿ, "ಬಿಡ್ತು ಅನ್ನು, ಬಿಡ್ತು ಅನ್ನು" ಅಂತ ಬೆನ್ನಿಗೆ ಬೀಳುತ್ತಿದ್ದಳು. ನಾನು ನಗುತ್ತಿದ್ದೆ. ಓದಿಕೊಂಡವಳು, ಇಂಥದ್ದನ್ನೆಲ್ಲ ನಂಬದವಳು ಅಂತ ಸಂದರ್ಶನಗಳಲ್ಲಿ ಹೇಳಿಕೊಂಡು ತಿರುಗಿದವಳು. ಆದರೆ ಅವತ್ತು ಅನ್ನಿಸಿಬಿಟ್ಟಿತು: ಮಗು ಸತ್ತಿತು ಅಂತ ನನ್ನ ಬಾಯಿಂದಲೇ, ಇಷ್ಟು ಜನರ ಮುಂದೆ, ನಿನ್ನನ್ನು ಒಳಗಿಟ್ಟುಕೊಂಡು ಹೇಗೆ ಹೇಳಲಿ? ನಿನಗೆ ಕೇಳಿಸಿದರೆ? ಕಣ್ಣು ಹಾಳೆಯ ಮೇಲೇ ಇತ್ತು, ಬಾಯಿ ಬೇರೆಯದನ್ನೇ ಹೇಳಿತು. ಪುಟ್ಟಿಯ ಹಣೆಯಲ್ಲಿ ಬೆವರು ಒಡೆಯಿತು, ಜ್ವರ ಇಳಿಯಿತು, ಅವಳು ಕಣ್ಣು ಬಿಟ್ಟು ಹಣ್ಣು ಕೇಳಿದಳು. ಜನ ಚಪ್ಪಾಳೆ ತಟ್ಟಿದರು.

ಅಲ್ಲಿಂದ ನನ್ನನ್ನು ಹಿಡಿಯುವವರೇ ಇಲ್ಲವಾಯಿತು. ಮುಂದಿನ ಊರಿನಲ್ಲಿ ಪುಟ್ಟಿ ಮನೆಗೆ ಬಂದಳು. ಅದರ ಮುಂದಿನ ಊರಿನಲ್ಲಿ ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದು ಅಮ್ಮನ ಕೈಯಲ್ಲಿ ಏಟು ತಿಂದಳು. ಆಮೇಲೆ ಸೈಕಲ್ ಕಲಿತು ಮೊಣಕಾಲು ತರಚಿಕೊಂಡಳು. ಲಾಡ್ಜುಗಳಲ್ಲಿ ಕೂರಲಾಗದೆ, ಮಲಗಲಾಗದೆ, ಕಾರ್ಯಕ್ರಮದ ಆಹ್ವಾನ ಪತ್ರಿಕೆಗಳ ಬೆನ್ನ ಮೇಲೆ ಅವಳ ಬದುಕನ್ನು ಬೆಳೆಸುತ್ತಲೇ ಹೋದೆ. ಅವಳು ಬದುಕಿದ್ದಷ್ಟು ದಿನ ನಿನಗೂ ಏನೂ ಆಗುವುದಿಲ್ಲ ಅನ್ನುವ ಹುಚ್ಚು.

ಆದರೆ ಜನ ಪುಸ್ತಕ ಕೊಂಡು ಮನೆಗೆ ಹೋಗಿ ಓದುತ್ತಾರಲ್ಲ! ಒಂದೂರಿನ ಅಂಗಡಿಯವರು ಗಡಿಬಿಡಿಗೆ ಫೋನ್ ಮಾಡಿದರು. "ಸಾರ್, ನಿಮ್ಮ ಪುಸ್ತಕ ವಾಪಸ್ ಬರ್ತಾ ಇದೆ. ಮಧ್ಯದಲ್ಲಿ ಪುಟ ಬಿಟ್ಟುಹೋಗಿವೆಯಂತೆ. ಲೇಖಕಿ ಓದಿದ ಸೈಕಲ್ ಭಾಗವೇ ಇಲ್ಲವಂತೆ." ಗಡಿಬಿಡಿ ಹೌಹಾರಿದರು. ಬಸ್ ನಿಲ್ದಾಣದಲ್ಲೇ ನಿಂತು ಪ್ರೆಸ್ಸಿನ ಬೈಂಡರಿಗೆ ಫೋನ್ ಹಚ್ಚಿ, ಊರೆಲ್ಲ ಕೇಳುವಂತೆ ಕೂಗಾಡಿದರು. ಇಷ್ಟು ವರ್ಷದ ಕಸುಬಿನಲ್ಲಿ ಒಂದು ಹಾಳೆ ಹಿಂದೆ ಮುಂದೆ ಮಾಡಿದವನಲ್ಲ ಅಂತ ಬೈಂಡರ್ ಆ ಕಡೆಯಿಂದ ಕೂಗಾಡಿದ. ನಾನು ಬೆಂಚಿನ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಅವತ್ತು ಸಂಜೆ ಗಡಿಬಿಡಿ ಹಿಂದಿನ ಸಾಲಿನಲ್ಲಿ ಪುಸ್ತಕ ಬಿಚ್ಚಿಕೊಂಡು, ನನ್ನ ಮಾತಿನ ಜೊತೆ ಬೆರಳು ಆಡಿಸುತ್ತಾ ಕೂತರು. ಒಂದು ಕಡೆ ಬೆರಳು ನಿಂತಿತು. ತಲೆಯೆತ್ತಿ ನನ್ನನ್ನೇ ನೋಡಿದರು.

"ಮೇಡಂ," ಅಂದರು ಆಮೇಲೆ, ಬಹಳ ನೊಂದು. "ಸತ್ತೋಳನ್ನ ನೀವು ಎಷ್ಟು ಬೇಕಾದ್ರೂ ಬದುಕಿಸ್ಕೊಳ್ಳಿ, ಆದ್ರೆ ಪ್ರಿಂಟ್ ಆಗೋಕೆ ಮುಂಚೆ ಬದುಕಿಸ್ಬೇಕಿತ್ತು. ಆ ಬೈಂಡರ್ ಅಮ್ಮನ್ನೂ ಅಕ್ಕನ್ನೂ ಸೇರಿಸಿ ಬೈದುಬಿಟ್ಟೆ ನಾನು."

ನಾಳೆಯಿಂದ ಸರಿಯಾಗಿ ಓದುತ್ತೇನೆಂದು ಅವರಿಗೆ ಮಾತು ಕೊಟ್ಟೆ. ನಿನ್ನೆ ಆ ನಾಳೆ ಬಂದಾಗ ಮತ್ತೆ ತಪ್ಪಿದೆ. ಪುಟ್ಟಿ ನಿನ್ನೆ ಕಿತ್ತಳೆಯ ತೊಳೆಗಳನ್ನು ಅಮ್ಮನ ಬಾಯಿಗಿಟ್ಟು ತಾನೂ ತಿಂದಳು. ಗಡಿಬಿಡಿ ತಲೆ ಚಚ್ಚಿಕೊಂಡು ಹೊರಗೆ ಹೋದರು.

ಸಹಿಯ ಸಾಲು ಕರಗಿದ ಮೇಲೆ ಒಬ್ಬ ಹೆಂಗಸು ಉಳಿದಿದ್ದರು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವರಂತೆ, ಕೆಲಸ ಮುಗಿಸಿ ನೇರ ಬಂದಿದ್ದರು. ಅವರ ಕೈಯಲ್ಲಿದ್ದ ಪ್ರತಿ ಆಗಲೇ ಓದಿ ನಲುಗಿತ್ತು. ಸಹಿಗೆಂದು ನಾನು ಕೈ ಚಾಚಿದರೆ ಕೊಡಲಿಲ್ಲ.

"ನೀವ್ಯಾಕೆ ಅವಳನ್ನ ಬದುಕಿಸಿದ್ರಿ?" ಅಂದರು.

ನಾನು ಪೆನ್ನಿನ ಕ್ಯಾಪು ಹಾಕಿದೆ. ಅವರೇ ಮುಂದುವರಿಸಿದರು. "ನನ್ನ ಮಗಳು ಹೋದಾಗ ನಾನು ಅವಳಿಗೆ ಜಡೆ ಹಾಕ್ತಾ ಇದ್ದೆ. ಹೋದ್ಲು ಅಂತ ಗೊತ್ತಾಯ್ತು. ಆದ್ರೂ ಜಡೆ ಪೂರ್ತಿ ಹೆಣೆದೆ. ಇವಳಿಗೆ ತಲೆ ಕೆಟ್ಟಿದೆ ಅಂದ್ರು ಎಲ್ರೂ. ನಾನೂ ಹೌದೇನೋ ಅಂದ್ಕೊಂಡಿದ್ದೆ. ನಿಮ್ಮ ಪುಸ್ತಕದಲ್ಲಿ ಆ ತಾಯಿ ಹಣ್ಣು ಬಿಡಿಸಿ ಮುಗಿಸ್ತಾಳಲ್ಲ, ಅದನ್ನ ಓದಿದ ಮೇಲೆ ನನಗೆ ನಿದ್ದೆ ಬಂತು. ಇವತ್ತು ನಮ್ಮ ಮನೆಯವರನ್ನೂ ಕರ್ಕೊಂಡು ಬಂದೆ. ಅವರು ಓದೋರಲ್ಲ, ಅವತ್ತಿಂದ ಮಗಳ ವಿಷಯ ಒಂದು ಮಾತೂ ಆಡಿಲ್ಲ. ಕಿವಿಗಾದ್ರೂ ಬೀಳ್ಲಿ ಅಂತ ಕರ್ಕೊಂಡು ಬಂದ್ರೆ, ನೀವು ಹಣ್ಣು ತಿನ್ನಿಸಿಬಿಟ್ರಲ್ಲ."

ಬಾಗಿಲ ಹತ್ತಿರ ಒಬ್ಬ ಮನುಷ್ಯ ಎರಡು ಹೆಲ್ಮೆಟ್ ಹಿಡಿದುಕೊಂಡು ನಿಂತಿದ್ದರು. ಎತ್ತ ನೋಡಬೇಕೆಂದು ತಿಳಿಯದೆ ಕಾರ್ಯಕ್ರಮದ ಬ್ಯಾನರನ್ನೇ ನೋಡುತ್ತಿದ್ದರು.

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಬಾಗಿಲಲ್ಲಿದ್ದವರನ್ನು ಒಳಗೆ ಕರೆದೆ. ಸಭಾಂಗಣದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮೈಕು ಆಗಲೇ ಬಿಚ್ಚಿಯಾಗಿತ್ತು. ಆ ಹೆಂಗಸಿನ ಪ್ರತಿಯನ್ನೇ ಇಸಿದುಕೊಂಡು, ಒಂದು ಕೈಯನ್ನು ನಿನ್ನ ಮೇಲಿಟ್ಟುಕೊಂಡು, ನಿಂತೇ ಓದಿದೆ. ಒಂದಕ್ಷರ ಬದಲಿಸಲಿಲ್ಲ. ಆ ಸಾಲು ಬಂದಾಗ ನಿಲ್ಲಿಸಿ, ನೀರು ಕುಡಿದು, ಅದನ್ನೇ ಮತ್ತೆ ಓದಿದೆ. ಅಮ್ಮ ಹಣ್ಣು ಬಿಡಿಸಿ ಮುಗಿಸಿದಳು. ತೊಳೆಗಳನ್ನು ಜೋಡಿಸಿದಳು. ನರ್ಸನ್ನು ಕರೆದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಮನುಷ್ಯ ಹೆಲ್ಮೆಟ್ ಎರಡನ್ನೂ ಕುರ್ಚಿಯ ಮೇಲಿಟ್ಟು, ನನ್ನನ್ನು ನೋಡದೆ ಹೆಂಡತಿಗೆ ಹೇಳಿದರು: "ಜಡೆ ತುದಿಗೆ ರಬ್ಬರ್ ಬ್ಯಾಂಡ್ ಕೊಟ್ಟಿದ್ದು ನಾನೇ ಅಲ್ವಾ."

ಆಕೆ ಅವರನ್ನು ನೋಡುತ್ತಾ ನಿಂತರು. "ನೀವು ಅಲ್ಲೇ ಇದ್ರಾ?" ಅಂದರು. "ನಾನೊಬ್ಬಳೇ ಇದ್ದೆ ಅಂದ್ಕೊಂಡಿದ್ದೆ."

ಅವರಿಬ್ಬರನ್ನೂ ಅಲ್ಲೇ ಬಿಟ್ಟು ನಾನು ಹೊರಗಿನ ಮೆಟ್ಟಿಲ ಮೇಲೆ ಕೂತು ನಿಮ್ಮಪ್ಪನಿಗೆ ಫೋನ್ ಮಾಡಿದೆ. ಯಾವುದೋ ಕಟ್ಟಡದಲ್ಲಿ, ಕೆಟ್ಟು ನಿಂತ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದರು. ಪೀಠಿಕೆ ಹಾಕುವುದಕ್ಕೆ ನನಗೆ ವ್ಯವಧಾನವಿರಲಿಲ್ಲ. ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡೆ.

"ಯಾವಾಗಿಂದ ಗೊತ್ತು ನಿನಗೆ?" ಅಂದರು.

ಹೊರಡುವುದಕ್ಕೆ ಮುಂಚಿನಿಂದ ಅಂದೆ.

"ಅಂದ್ರೆ ಇಷ್ಟು ದಿನ ಒಬ್ಬಳೇ ಹೆದರ್ಕೊಂಡು ತಿರುಗ್ತಾ ಇದ್ದೆಯಾ?"

ಅದಕ್ಕೆ ನಾನು ಬೀದಿಯಲ್ಲಿ ಕೂತಿದ್ದೇನೆ ಅನ್ನುವುದನ್ನೂ ಮರೆತು ಅತ್ತೆ. ಈ ಸಲ ಯಾರಿಗೂ ಹೇಳುವುದಿಲ್ಲ, ನೀನಾಗಿ ಹೇಳು ಅನ್ನುವ ತನಕ ತುಟಿ ಬಿಚ್ಚುವುದಿಲ್ಲ ಅಂತ ನಿಮ್ಮಪ್ಪ ಆಣೆ ಮಾಡುತ್ತಿದ್ದರು. ಅಷ್ಟರಲ್ಲಿ ಅವರ ಕಾಲಡಿಯಿಂದ, ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಯಾರೋ ಮುದುಕರ ದನಿ ನನಗೂ ಕೇಳಿಸಿತು: "ಒಳ್ಳೇದಾಗ್ಲಿ ಕಣಪ್ಪಾ, ಮೊದ್ಲು ನನ್ನ ಕೆಳಗಿಳಿಸು!" ನಾವಿಬ್ಬರೂ ನಕ್ಕೆವು. ಅಳುತ್ತಲೇ ನಕ್ಕೆವು. ಗುಟ್ಟು ಹುಟ್ಟಿದ ಜಾಗದಲ್ಲೇ ಸತ್ತಿತ್ತು.

ಇಷ್ಟೆಲ್ಲ ಆದರೂ ನನ್ನ ಚಡಪಡಿಕೆ ಹೋಗಿದೆ ಅಂದುಕೊಳ್ಳಬೇಡ. ಇದನ್ನು ಬರೆಯುವಷ್ಟರಲ್ಲಿ ಎಷ್ಟು ಸಲ ಎದ್ದು ಬಾತ್‌ರೂಮಿಗೆ ಹೋಗಿ ರಕ್ತವೇನಾದರೂ ಇದೆಯಾ ಅಂತ ನೋಡಿಬಂದೆನೋ. ಕೆಳಗೆ ಗಡಿಬಿಡಿ ಬಂದು ಬಸ್ಸು ತಪ್ಪಿತೆಂದು ಗೋಳಾಡುತ್ತಿದ್ದಾರೆ. ಅವರಿಗೂ ಬೆಳಿಗ್ಗೆಯೇ ಹೇಳಿಬಿಟ್ಟೆ. ಬಾಯಿ ತೆರೆದು ನಿಂತರು, ಆಮೇಲೆ ಕೊಟ್ಟ ಮುಲಾಮನ್ನೆಲ್ಲ ವಾಪಸ್ ಇಸಿದುಕೊಂಡರು. ಈ ಸಂಜೆ ಮುಂದಿನ ಊರಿನಲ್ಲಿ ಆ ಪುಟವನ್ನು ಇದ್ದ ಹಾಗೇ ಓದುತ್ತೇನೆ. ನಿನಗೆ ಕೇಳಿಸಿದರೆ ಕೇಳಿಸಲಿ. ನೀನು ಬರಬೇಕೆಂದಿರುವ ಲೋಕ ಇಂಥದ್ದೇ, ಅದನ್ನು ಮುಚ್ಚಿಟ್ಟು ನಿನ್ನನ್ನು ಕರೆಸಿಕೊಳ್ಳುವುದು ಮೋಸ.

ನೀನು ಬಂದರೆ, ನಿಮ್ಮಪ್ಪ ನಿನ್ನನ್ನು ಎತ್ತಿಕೊಂಡು ಊರಿನ ಲಿಫ್ಟುಗಳಲ್ಲೆಲ್ಲ ಮೇಲೆ ಕೆಳಗೆ ಸುತ್ತಿಸುತ್ತಾರೆ, ತಪ್ಪಿಸಿಕೊಳ್ಳಲಾರೆ. ಬರಲಾಗದಿದ್ದರೆ, ಅದು ನಿನ್ನ ತಪ್ಪಲ್ಲ. ಪುಟ್ಟಿ ಸತ್ತಳೆಂದು ನಾನು ಓದಿದ್ದರಿಂದಲೂ ಅಲ್ಲ. ಆಗ ನಾನು ಗೋಡೆಯ ಕಡೆ ತಿರುಗಿ ಮಲಗುವುದಿಲ್ಲ. ಒಂದೊಂದು ಮನೆಯ ಬಾಗಿಲಿಗೂ ನಿಮ್ಮಪ್ಪನ ಜೊತೆ ನಾನೂ ಹೋಗುತ್ತೇನೆ, ಹೀಗೊಂದು ಮಗು ನಮಗಿತ್ತು ಅಂತ ನಾನೇ ಬಾಯಿಬಿಟ್ಟು ಹೇಳುತ್ತೇನೆ.

ಇರು ಕಂದಾ, ಇರುವಷ್ಟು ದಿನ ಹಾಯಾಗಿರು. ಹೆದರುವ ಕೆಲಸ ನಮ್ಮಿಬ್ಬರಿಗೆ ಬಿಡು.

ನಿನ್ನ
ಅಮ್ಮ