ನೀರು ಕುಡಿದ ಫೋರ್ಕು

ಪಾಂಡವಪುರ,
೧೪-೧೧-೨೦೨೪, ಗುರುವಾರ

ನನ್ನ ಮುದ್ದಿನ ಯಶುಗೆ ತಾತ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಎಡ ಮಂಡಿಯ ನೋವು ಕಡಿಮೆಯಾಯಿತೇ? ವಿಜಯಪುರದ ಜೋಳದ ರೊಟ್ಟಿ ನಿನ್ನ ಹೊಟ್ಟೆಗೆ ಒಗ್ಗಿತೋ ಇಲ್ಲವೋ ಎಂದು ನಿಮ್ಮಮ್ಮ ರಾಧಾಮಣಿ ದಿನಕ್ಕೆ ಮೂರು ಸಲ ನನ್ನನ್ನು ಕೇಳುತ್ತಾಳೆ, ನಾನೇನೋ ಹೋಗಿ ನೋಡಿಕೊಂಡು ಬಂದವನ ಹಾಗೆ. ನನ್ನ ಕೆಮ್ಮು ಇದ್ದ ಹಾಗೇ ಇದೆ, ಅದರ ಮಾತು ಬಿಡು. ಕ್ಯಾಂಪಿನಲ್ಲಿ ನಿಮ್ಮ ಫೋನುಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದಾರೆ ಎಂದು ಗೊತ್ತಿರುವುದರಿಂದ ಈ ಕಾಗದ. ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋದೀತು. ನಿನ್ನಪ್ಪ ಮಾಡಿಕೊಟ್ಟ, ಮುಂದಿನ ಚಕ್ರ ಹಿಡಿಯುವ ಹೊಸ ಫೋರ್ಕನ್ನು ಶನಿವಾರದ ಟ್ರಯಲ್‌ಗೆ ಸೈಕಲ್ಲಿಗೆ ಹಾಕಬೇಡ. ಭಾನುವಾರದ ರೇಸಿಗೂ ಬೇಡ. ಹಳೆಯದರಲ್ಲೇ ಓಡಿಸು. ಸೋತರೂ ಚಿಂತೆಯಿಲ್ಲ.

ಬೆಳಗೊಳದ ಲೋಹಿತ್ ನಿನಗೆ ಗೊತ್ತಲ್ಲ, ಮೊಣಕಾಲೆತ್ತರದ ಬಿಎಂಎಕ್ಸ್ ಸೈಕಲ್ಲಿನಲ್ಲಿ ಗಾಳಿಗೆ ಹಾರುವವನು. ಸೀಟಿನ ಮೇಲೆ ಒಂದು ಗಳಿಗೆಯೂ ಕೂರುವುದಿಲ್ಲ, ಮತ್ತೆ ನಿನಗೆ ಸೀಟು ಯಾಕಪ್ಪಾ ಎಂದು ನಾನು ಅವನನ್ನು ರೇಗಿಸುತ್ತಿದ್ದೆ. ನಿನ್ನ ಫೋರ್ಕು ಮಾಡಿದ ವಾರವೇ ನಿನ್ನಪ್ಪ ಮಂಜುನಾಥ ಅವನಿಗೂ ಒಂದು ಮಾಡಿಕೊಟ್ಟಿದ್ದ. ಮೊನ್ನೆ ಮಂಗಳವಾರ ಅವನು ಎಂದಿನಂತೆ ದಿಬ್ಬದ ಮೇಲಿಂದ ಹಾರಿ ಇಳಿದಿದ್ದಾನೆ. ಚಕ್ರ ನೆಲ ಮುಟ್ಟಿದ್ದೇ ತಡ, ಫೋರ್ಕಿನ ಎರಡು ಕಾಲೂ ಬೆಸುಗೆಯ ಪಕ್ಕದಲ್ಲೇ ಹಪ್ಪಳದ ಹಾಗೆ ಮುರಿದಿವೆ. ಹುಡುಗ ಮುಖ ಅಡಿಯಾಗಿ ಬಿದ್ದ. ಹೆಗಲ ಮೂಳೆ ಹೋಗಿದೆ, ಮುಂದಿನ ಎರಡು ಹಲ್ಲು ಹೋಗಿವೆ. ಕೈಗೆ ಜೋಳಿಗೆ ಕಟ್ಟಿಕೊಂಡು ಅಂಗಡಿಗೆ ಬಂದವನು ಜಗಳ ಆಡಲಿಲ್ಲ. ಮುರಿದದ್ದನ್ನು ಕುಲುಮೆಯ ಅಡಿಗಲ್ಲಿನ ಮೇಲಿಟ್ಟು, ನಿನ್ನಪ್ಪನಿಗೆ “ಪೈಪೇ ಸರಿಯಿರ್ನಿಲ್ವೇನೋ ಕಣಣ್ಣ” ಅಂದ. ಆ ಒಳ್ಳೆಯತನವನ್ನು ನನಗೆ ತಡೆಯಲಾಗಲಿಲ್ಲ. ಕೆಮ್ಮುವ ನೆಪ ಮಾಡಿ ಹೊರಗೆ ಹೋದೆ.

ಪೈಪು ಸರಿಯಾಗಿಯೇ ಇತ್ತು ಯಶು. ನಿನ್ನಪ್ಪನ ಬೆಸುಗೆಯೂ ಸರಿಯಾಗಿತ್ತು. ಅದನ್ನು ಕೆಡಿಸಿದವನು ನಾನು.

ನೀನು ಅಂಗಡಿಯ ಷಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆಯಲ್ಲ, ಗಾಳಿ ಸೀಳುವ ಹಾಗೆ ಚಪ್ಪಟೆ ಕಾಲಿನ ಫೋರ್ಕು, ಅದನ್ನು ಮಂಜುನಾಥ ಹದಿನೈದು ದಿನ ಕೂತು ಮಾಡಿದ. ಗೇರಿಲ್ಲ, ಬ್ರೇಕಿಲ್ಲ, ಕಾಲು ನಿಂತರೆ ಚಕ್ರವೂ ನಿಲ್ಲುವ ಸೈಕಲ್ಲಿಗೆ ಇಷ್ಟು ತೆಳ್ಳನೆಯ ಕಾಲೇ ಎಂದು ನನಗೆ ಒಳಗೊಳಗೇ ಹೆದರಿಕೆ. ಕೆ.ಆರ್. ಪೇಟೆಗೆ ಟ್ರೇಲರ್ ರಿಪೇರಿಗೆ ಹೊರಟವನು ಬಾಗಿಲಲ್ಲಿ ತಿರುಗಿ ನಿಂತು ನನಗೆ ಹೇಳಿದ್ದು ಒಂದೇ ಮಾತು: “ಅಪ್ಪೋ, ಈ ಎಲ್ಡು ಫೋರ್ಕಿಗೂ ನೀರು ಮುಟ್ಟುಸ್ಬ್ಯಾಡ. ತಾವಾಗೇ ಆರ್ಲಿ ಬುಡು.” ನನಗೆ ಸಿಟ್ಟು ಬಂತು. ಅರವತ್ತು ವರ್ಷ ಕುಲುಮೆ ಊದಿದವನಿಗೆ ಮಗ ಕಲಿಸಬೇಕೇ? ಕಾಯಿಸಿ ನೀರು ಕುಡಿಸದ ಕಬ್ಬಿಣ ಕಬ್ಬಿಣವೇ? ಈ ಸುತ್ತಿನ ಯಾವ ಮಚ್ಚು, ಯಾವ ನೇಗಿಲ ಗುಳ ನನ್ನ ತೊಟ್ಟಿಯ ನೀರು ಕುಡಿಯದೆ ಹೊಲಕ್ಕೆ ಹೋಗಿದೆ? ಅವನು ಅತ್ತ ಹೋಗುತ್ತಲೇ ಎರಡು ಫೋರ್ಕನ್ನೂ ಕೆಂಡಕ್ಕಿಟ್ಟು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತೊಟ್ಟಿಗೆ ಅದ್ದಿದೆ. ನಿನ್ನ ಮೇಲಿನ ಪ್ರೀತಿಯಿಂದಲೇ ಅದ್ದಿದೆ, ಅದು ಇನ್ನೂ ಕೆಟ್ಟದ್ದು. ಮೇಲೆ ಕಟ್ಟಿದ ಮಸಿಯನ್ನು ಉಪ್ಪುಕಾಗದದಿಂದ ಉಜ್ಜಿ, ಇದ್ದ ಜಾಗದಲ್ಲೇ ಇಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನದು ಆ ಜಾತಿ.

ಲೋಹಿತ್ ಹೋದ ಮೇಲೆ ಮುರಿದ ತುಂಡಿಗೆ ಅರ ಹಾಕಿ ನೋಡಿದೆ. ಗಾಜಿನ ಮೇಲೆ ಎಳೆದ ಹಾಗೆ ಅರ ಜಾರಿತು. ಮಚ್ಚಿನ ಬಾಯಿ ಹಾಗೆ ಗಡುಸಾಗಿರಬೇಕು. ಭಾರ ಹೊತ್ತು ಬಳುಕಬೇಕಾದ ಪೈಪು ಹಾಗಿರಬಾರದು. ಇಷ್ಟು ಸಣ್ಣ ವಿಷಯ ಅರವತ್ತು ವರ್ಷದಲ್ಲಿ ನನಗೆ ಹೊಳೆಯಲಿಲ್ಲ, ಯಾಕೆಂದರೆ ನಾನು ಪೈಪಿನ ಕೆಲಸ ಮಾಡಿದವನೇ ಅಲ್ಲ. ನಿನ್ನ ಫೋರ್ಕೂ ಅದೇ ಕೆಂಡ, ಅದೇ ನೀರು ಕಂಡಿದೆ. ಕಣ್ಣಿಗೆ ಬಿರುಕು ಕಾಣುವುದಿಲ್ಲ, ಯಾರು ಪರೀಕ್ಷೆ ಮಾಡಿ ಸರಿಯಿದೆ ಎಂದರೂ ನಂಬಬೇಡ.

ನಿನ್ನಪ್ಪನಿಗೆ ಇದು ತಿಳಿಯದು. ನಿನ್ನದನ್ನು ಬೇರೆ ಪೈಪಿನಲ್ಲಿ ನಿಧಾನವಾಗಿ ಮಾಡಿದ್ದು, ಅದಕ್ಕೇನೂ ಆಗುವುದಿಲ್ಲ, ಲೋಹಿತ್‌ನದನ್ನೇ ಅವಸರಕ್ಕೆ ಬೆಸೆದು ಕೆಡಿಸಿದೆ ಎಂದುಕೊಂಡಿದ್ದಾನೆ. ಎರಡು ದಿನದಿಂದ ವೆಲ್ಡಿಂಗ್ ಮಿಷನ್ನಿಗೆ ಗೋಣಿ ಹೊದಿಸಿಟ್ಟಿದ್ದಾನೆ. ನಿಮ್ಮಮ್ಮನ ಹತ್ತಿರ “ನನ್ ಕೈ ಕೆಟ್ಟೋಯ್ತು ಕಣಮ್ಮಿ” ಅಂದದ್ದು ನನ್ನ ಕಿವಿಗೆ ಬಿತ್ತು. ಎದ್ದು ಹೋಗಿ, ಕೆಟ್ಟದ್ದು ನಿನ್ನ ಕೈಯಲ್ಲ ಕಣಪ್ಪಾ, ನನ್ನದು, ಅನ್ನಬೇಕಿತ್ತು. ಅನ್ನಲಿಲ್ಲ. ಅವನಿಗೆ ಹೇಳಿದರೆ ಈಗಲೇ ನಿಮ್ಮ ಕೋಚಿಗೆ ಫೋನು ಹೋಗುತ್ತದೆ, ಅದೂ ಗೊತ್ತು. ಆದರೂ ನಾಲಿಗೆ ಏಳುತ್ತಿಲ್ಲ. ಮಗನ ಮುಂದೆ ಸಣ್ಣವನಾಗುವುದಕ್ಕೆ ಈ ವಯಸ್ಸಿನಲ್ಲೂ ನಾಚಿಕೆ. ಅದಕ್ಕೇ ಹೇಡಿಯ ಹಾಗೆ ನಿನಗೆ ಬರೆಯುತ್ತಿದ್ದೇನೆ. ಇದನ್ನು ಈಗಲೇ ಸ್ಪೀಡ್ ಪೋಸ್ಟಿಗೆ ಹಾಕಿ ಬರುತ್ತೇನೆ.

ನಿನ್ನ ಜೊತೆಯ ಹುಡುಗಿಯರನ್ನೆಲ್ಲ ಕೇಳಿದೆನೆಂದು ಹೇಳು. ಕಾಳಮ್ಮತಾಯಿ ನಿನ್ನ ಕಾಲಿಗೆ ಬಲ ಕೊಡಲಿ, ನನಗೆ ಇನ್ನಾದರೂ ಬುದ್ಧಿ ಕೊಡಲಿ.

ಇಂತಿ ನಿನ್ನ ತಾತ,
ಲಕ್ಷ್ಮಣಾಚಾರಿ

ತಾ.ಕ.: ಶನಿವಾರ, ಮಧ್ಯಾಹ್ನ ಎರಡು ಗಂಟೆ. ಮೊದಲು ಇದನ್ನು ಓದು. ಕಾಗದ ಸೋಮವಾರಕ್ಕೆ ಮುಟ್ಟಿದರೆ ಪುಣ್ಯ ಎಂದು ಪೋಸ್ಟಾಫೀಸಿನಲ್ಲಿ ಹೇಳಿದರು. ಅದನ್ನು ಅಲ್ಲಿ ಹಾಕದೆ ವಾಪಸ್ಸು ಬಂದು ನಿನ್ನಪ್ಪನಿಗೆ ಎಲ್ಲ ಹೇಳಿಬಿಟ್ಟೆ. “ಮೊದ್ಲೇ ಯೋಳ್ಬಾರ್ದಾಗಿತ್ತೇನಪ್ಪಾ” ಅಂದ, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ನಿನ್ನೆ ಸಂಜೆಯವರೆಗೂ ನಿಮ್ಮ ಕೋಚಿಗೆ ಹನ್ನೊಂದು ಸಲ ಫೋನು ಮಾಡಿದ, ಎತ್ತಲಿಲ್ಲ. ರಾತ್ರಿಯೇ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ನನ್ನ ಕಡೆ ನೋಡಲಿಲ್ಲ. ಈಗ ನಿಮ್ಮ ಗೇಟಿನಲ್ಲಿದ್ದೇವೆ. ನಾಲ್ಕು ಗಂಟೆಯವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ, ನೀವು ಮೂರಕ್ಕೇ ಟ್ರ್ಯಾಕಿಗೆ ಇಳಿಯುತ್ತೀರಂತೆ. ನಿನ್ನಪ್ಪ ಇನ್ನೊಂದು ಗೇಟು ಹುಡುಕಿಕೊಂಡು ಓಡಿದ್ದಾನೆ. ಚೀಟಿಯಾದರೆ ಒಳಗೆ ಕೊಡಿಸುತ್ತೇನೆ ಎಂದು ಕಾವಲಿನವರು ಕೈ ಚಾಚಿ ನಿಂತಿದ್ದಾರೆ. ನಾನು ಇಲ್ಲೇ ಬೇವಿನ ಮರದ ಕೆಳಗೆ ಕೂತಿರುತ್ತೇನೆ. ಸೈಕಲ್ಲು ಹತ್ತಬೇಡ ಯಶು. ಬಾಯಿಗೆ ಬಂದ ಹಾಗೆ ಬೈಯಬೇಕೆನಿಸಿದರೆ ಬೈಯಿ, ಆದರೆ ನಿನ್ನ ಎರಡು ಕಾಲ ಮೇಲೆ ನಡೆದುಕೊಂಡು ಬಂದು ಬೈಯವ್ವಾ.